ನಡುಮಧ್ಯಾಹ್ನ ಬಂದ ಜಿಂಕೆಗಳು

ಬುಧವಾರ ಸಂಜೆ ಐದು ಗಂಟೆಗೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳ ತಲೆಗೂದಲಲ್ಲಿ, ತೋಳಿನ ಮೇಲೆ ಒಣಹುಲ್ಲಿನ ಕಡ್ಡಿಗಳು ಅಂಟಿಕೊಂಡಿದ್ದವು. ಹಿಂದೆ ಬಾಗಿಲಿಗೆ ಒರಗಿ ಅವಳ ಗಂಡ ನಿಂತಿದ್ದ.

"ಯಾರೋ ನಮ್ಮ ತೊಟ್ಟಿಗೆ ವಿಷ ಹಾಕಿದ್ದಾರೆ ಸಾರ್. ಒಂಬತ್ತು ಜಿಂಕೆ ಸತ್ತು ಬಿದ್ದಿವೆ. ನಮ್ಮ ಮನೆ ಬಾಗಿಲಲ್ಲೇ."

ಹೆಡ್ ಕಾನ್‌ಸ್ಟೇಬಲ್ ಗೋಡೆಯ ಕಡೆ ನೋಡಿ ವೇಳೆ ಬರೆದುಕೊಂಡರು. ಯಾರು ಬಂದರೂ ಮೊದಲು ಗೋಡೆ, ಆಮೇಲೆ ಮುಖ. ಅದಕ್ಕೇ ಠಾಣೆಯವರೆಲ್ಲ ಅವರನ್ನು ಗಡಿಯಾರ ಎಂದು ಕರೆಯುತ್ತಿದ್ದರು.

"ನಿಮ್ಮ ದನಗಳಿಗೆ?" ಇನ್‌ಸ್ಪೆಕ್ಟರ್ ಕೇಳಿದರು.

"ಏನೂ ಆಗಿಲ್ಲ, ದೇವರು ದೊಡ್ಡವನು. ಇವರು ಇವತ್ತು ಕೊಟ್ಟಿಗೆಯಲ್ಲೇ ಕಟ್ಟಿಹಾಕಿದ್ರು."

"ನೀವು ಎಲ್ಲಿದ್ರಿ?"

"ಮೇವು ಹಂಚೋ ಕಡೆ, ಸಾಲಲ್ಲಿ. ಬೆಳಗ್ಗೆ ಹೋದೋಳು, ಬಂದು ನೋಡ್ತೀನಿ, ಹೀಗೆ."

"ಜಿಂಕೆ ನಿಮ್ಮ ತೊಟ್ಟಿಗೆ ಯಾಕೆ ಬರ್ತವೆ?"

"ಕೆರೆ ಒಣಗಿದ ಮೇಲೆ ಎಲ್ಲಿಗೆ ಹೋಗ್ತವೆ? ಮೊದಮೊದಲು ದೂರ ನಿಲ್ತಿದ್ವು. ನಾನೇ ಗೇಟು ತೆಗೆದಿಟ್ಟೆ. ಹೊತ್ತು ಮುಳುಗೋ ಹೊತ್ತಿಗೆ ಬಂದು ಕುಡಿದು ಹೋಗ್ತಿದ್ವು. ನೀರು ಹುಡುಕಿಕೊಂಡು ಬಂದ ಜೀವಕ್ಕೆ ಇಲ್ಲ ಅನ್ನೋಕಾಗುತ್ತಾ ಸಾರ್?"

ಗಂಡ ಗೋಡೆಗೆ ಅಂಟಿಸಿದ್ದ ಕಾಣೆಯಾದವರ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಿದ್ದ.

ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಾಯಿತು. ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ಫೋನ್ ಹೋಯಿತು. ಬೆಳಕು ಇರುವಾಗಲೇ ಜೀಪು ಸ್ಥಳ ಮುಟ್ಟಿತು.

ದಾರಿಯ ಎರಡೂ ಕಡೆ ಹುಲ್ಲುಗಾವಲು ಬೋಳಾಗಿತ್ತು. ಮರಗಳಲ್ಲಿ ಕೈಗೆ ಎಟಕುವಷ್ಟು ಎತ್ತರದವರೆಗೆ ಎಲೆ ಇರಲಿಲ್ಲ. ಅದರ ಮೇಲಿನದನ್ನು ಏಣಿ ಹಾಕಿ ಕಡಿದಿದ್ದರು. ಮನೆ, ಕೊಟ್ಟಿಗೆ, ನಡುವೆ ಸಿಮೆಂಟ್ ತೊಟ್ಟಿ, ಆಚೆ ತಂತಿಬೇಲಿ. ತೊಟ್ಟಿಯ ಸುತ್ತ ಜಿಂಕೆಗಳು ಬಿದ್ದಿದ್ದವು. ಒಂದರ ಮೂತಿ ಇನ್ನೂ ತೊಟ್ಟಿಯ ಅಂಚಿನ ಮೇಲಿತ್ತು. ಎಲ್ಲದರ ಪಕ್ಕೆಲುಬೂ ಎಣಿಸುವ ಹಾಗಿತ್ತು.

ಪಶುವೈದ್ಯರು ಮೊಣಕಾಲೂರಿ ಕೂತು ಒಂದರ ಹೊಟ್ಟೆ ಬಗೆದರು. ಮೂಗು ಸುಡುವ ವಾಸನೆ ಎದ್ದಿತು.

"ಯೂರಿಯಾ," ಎಂದರು. "ತೊಟ್ಟಿಯಲ್ಲಿ ಸ್ವಲ್ಪವೇ ನೀರು ಬಿಟ್ಟು ಅದರಲ್ಲಿ ಗಟ್ಟಿಯಾಗಿ ಕಲಸಿದ್ದಾರೆ. ಬಾಯಾರಿದ ಪ್ರಾಣಿ ರುಚಿ ನೋಡೋದಿಲ್ಲ."

"ಯಾವ ಹೊತ್ತಿಗೆ ಸತ್ತಿರಬಹುದು?"

"ನಡುಮಧ್ಯಾಹ್ನ. ಸ್ವಲ್ಪ ಹಿಂದೆಮುಂದೆ."

"ಯೂರಿಯಾ ಇಲ್ಲಿ ಯಾರ ಮನೇಲಿರುತ್ತೆ?"

ವೈದ್ಯರು ಕೈಗವಸು ಕಳಚುತ್ತ ತಲೆ ತಗ್ಗಿಸಿದರು. "ಯಾರ ಮನೇಲಿಲ್ಲ ಅಂತ ಕೇಳಿ. ಯೂರಿಯಾ ನೀರನ್ನ ಹದವಾಗಿ ಒಣಹುಲ್ಲಿಗೆ ಚಿಮುಕಿಸಿ ಮುಚ್ಚಿಟ್ಟರೆ ಹುಲ್ಲಿಗೆ ಸತ್ವ ಬರುತ್ತೆ, ಬರಗಾಲದಲ್ಲಿ ದನ ಉಳಿಯುತ್ತೆ ಅಂತ ಮನೆಮನೆಗೆ ಹೋಗಿ ಹೇಳಿಕೊಟ್ಟವನು ನಾನೇ. ಜಾಸ್ತಿಯಾದ್ರೆ ಸಾಯ್ತವೆ, ಜೋಪಾನ ಅಂದವನೂ ನಾನೇ."

ಪಂಚನಾಮೆ ಬರೆದು, ತೊಟ್ಟಿಯ ನೀರನ್ನು ಸೀಸೆಗೆ ತುಂಬಿ ಮೊಹರು ಹಾಕಿದರು. ಅಷ್ಟರಲ್ಲಿ ಆ ಹೆಂಗಸು ಪೊಲೀಸರಿಗೆಂದು ಒಂದು ಲೋಟ ಕುಡಿಯುವ ನೀರು ತಂದಳು. ಒಂದೇ ಲೋಟ. ಗಡಿಯಾರ ಅದನ್ನು ಕೈಗೆ ತೆಗೆದುಕೊಂಡು, ಬಾಯಿಗೆ ಇಡಲಾರದೆ, ಬೇಡ ಎನ್ನಲೂ ಆಗದೆ ಹಾಗೇ ನಿಂತರು.

ಇನ್‌ಸ್ಪೆಕ್ಟರ್ ಬೇಲಿಯ ಗೇಟಿನಾಚೆ ನೆಲ ನೋಡುತ್ತ ಹೋದರು. ಗೊರಸಿನ ಗುರುತುಗಳು ಪೊದೆಯಿಂದ ತೊಟ್ಟಿಯವರೆಗೆ ನೇರವಾಗಿದ್ದವು. ಗುರುತು ಗುರುತಿಗೂ ದೂರ, ಮಣ್ಣು ಹಿಂದಕ್ಕೆ ಚಿಮ್ಮಿತ್ತು.

"ಓಡಿ ಬಂದಿವೆ," ಎಂದರು.

"ನಾಯಿ ಅಟ್ಟಿರಬೇಕು ಸಾರ್," ಎಂದರು ಗಡಿಯಾರ.

"ನಾಯಿ ಹೆಜ್ಜೆ ಎಲ್ಲಿದೆ? ಹಿಂದೆ ಯಾರೂ ಇರಲಿಲ್ಲ. ಮುಂದಿನಿಂದ ಯಾರೋ ಕರೆದಿದ್ದಾರೆ."

"ಜಿಂಕೆ ಏನು ನೆಂಟರಾ ಸಾರ್, ಕರೆದ ಕೂಡಲೇ ಹೊರಟು ಬರೋಕೆ?"

ಇನ್‌ಸ್ಪೆಕ್ಟರ್ ನಗಲಿಲ್ಲ. ಹೆಂಗಸನ್ನು ಕೇಳಿದರು: "ನೀರು ಕುಡಿಯೋಕೆ ದನಗಳನ್ನ ಹೇಗೆ ಕರೀತೀರಮ್ಮ?"

"ಬಕೆಟ್ ಬಡಿತೀವಿ. ಎಲ್ಲಿ ಮೇಯ್ತಿದ್ರೂ ಬಂದುಬಿಡ್ತವೆ. ಈಗೀಗ ಜಿಂಕೆಗೂ ಆ ಸದ್ದು ಗೊತ್ತು. ಬಡಿದ್ರೆ ಸಾಕು, ಪೊದೆ ಅಂಚಿಗೆ ಬಂದು ಕಿವಿ ನಿಗುರಿಸಿ ನಿಲ್ತವೆ. ದನ ಕುಡಿದು ಸರಿಯೋವರೆಗೂ ಮಕ್ಕಳ ಹಾಗೆ ಕಾಯ್ತ..."

ಮಾತು ಅಲ್ಲಿಗೇ ನಿಂತಿತು. ಅವಳು ಗಂಡನ ಕಡೆ ತಿರುಗಲಿಲ್ಲ. ಇನ್‌ಸ್ಪೆಕ್ಟರ್ ಕೂಡ ತಿರುಗಲಿಲ್ಲ.

ಗುರುವಾರ ಬೆಳಗ್ಗೆ ವೈದ್ಯರನ್ನು ಕರೆದುಕೊಂಡು ಇನ್‌ಸ್ಪೆಕ್ಟರೂ ಗಡಿಯಾರವೂ ಮತ್ತೆ ಹೋದರು. ಗಂಡನೇ ಕೊಟ್ಟಿಗೆ ತೋರಿಸಿದ.

"ನಿನ್ನೆ ದನ ಯಾಕೆ ಕಟ್ಟಿದ್ರಿ?"

"ಕಾಲುಬಾಯಿ ಜ್ವರ ಬಂದಿದೆ ಅಂತ ಸುದ್ದಿ ಇತ್ತು ಸಾರ್."

"ಡಾಕ್ಟ್ರೇ?"

"ಈ ಕಡೆ ಎಲ್ಲೂ ಇಲ್ಲ. ಇದ್ದಿದ್ರೆ ಮೊದಲು ನನಗೆ ತಿಳೀತಿತ್ತು."

ಇನ್‌ಸ್ಪೆಕ್ಟರ್ ಒಂದೊಂದೇ ಹಸುವಿನ ಕತ್ತು ಸವರುತ್ತ ಹೋದರು. ಹಗ್ಗ ಬಿದ್ದ ಕಡೆ ಕೂದಲು ಉದುರಿ ಚರ್ಮ ಕೆಂಪಾಗಿತ್ತು. ಎರಡು ಗೂಟ ಅರ್ಧ ಕಿತ್ತು ವಾಲಿದ್ದವು, ಎರಡೂ ತೊಟ್ಟಿಯ ದಿಕ್ಕಿಗೆ. ನೆಲವನ್ನು ಗೊರಸುಗಳು ಅದೇ ಕಡೆಗೆ ಗೀರಿದ್ದವು.

"ಇವು ಹೀಗೆ ಜಗ್ಗಿದ್ದು ಯಾಕೆ?"

"ನೊಣ ಕಾಟ ಸಾರ್."

"ನೊಣಕ್ಕೆ ಬಾಲ ಬೀಸ್ತವೆ. ಗೂಟ ಕೀಳಲ್ಲ."

ಹತ್ತಿರದ ಹಸು ಗಂಡನ ಅಂಗೈ ನೆಕ್ಕಲು ಕತ್ತು ಚಾಚಿತು. ಅವನು ಕೈ ಹಿಂದಕ್ಕೆಳೆದುಕೊಂಡ.

ಬೇಲಿಯಾಚೆ ಇನ್ನೊಂದು ಕೊಟ್ಟಿಗೆ. ಅದರ ಯಜಮಾನ ಒಬ್ಬ ಮುದುಕ. ಇನ್‌ಸ್ಪೆಕ್ಟರ್ ಏನು ಕೇಳಿದರೂ ಕಿವಿಗೆ ಕೈ ಹಿಡಿದು "ಆಂ?" ಎನ್ನುತ್ತಿದ್ದ.

"ನಿನ್ನೆ ಮಧ್ಯಾಹ್ನ ಏನಾದ್ರೂ ಸದ್ದು ಕೇಳಿಸ್ತಾ ಅಜ್ಜ?"

"ಮದುವೆಯಾ? ಇಲ್ಲಪ್ಪ, ಅವಳು ಹೋದ ಮೇಲೆ ಮತ್ತೆ ಆಗಲಿಲ್ಲ."

ಇನ್‌ಸ್ಪೆಕ್ಟರ್ ಗಡಿಯಾರದ ಕಡೆ ತಿರುಗಿ ತೀರಾ ಮೆಲ್ಲಗೆ ಹೇಳಿದರು: "ನಡೀರಿ, ಹೋಗೋಣ. ಇವರಿಗೆ ಏನೂ ಕೇಳಿಸಲ್ಲ."

"ಹೋಗಿ ಬನ್ನಿ," ಎಂದ ಮುದುಕ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಗಡಿಯಾರ ಪೆನ್ನು ತೆಗೆದರು. ಮುದುಕ ಕಿವಿಗೆ ಹಿಡಿದಿದ್ದ ಕೈ ಇಳಿಸಿದ.

"ಬಕೆಟ್ ಸದ್ದು ಕೇಳಿಸ್ತು. ನನ್ನ ದನಾನೂ ಎದ್ದು ನಿಂತವು. ನೀರಿನ ಟ್ಯಾಂಕರ್ ಬಂದ ದಿನ ಅಲ್ಲ, ಈ ಉರಿಬಿಸಿಲಲ್ಲಿ ಯಾಕೆ ಬಡೀತಿದ್ದಾನೆ ಅಂತ ಹೊರಗೆ ಬಂದೆ. ಅವನು ಒಬ್ಬನೇ ನಿಂತಿದ್ದ."

"ನಿನ್ನೆ ನಾವು ಬಂದಾಗ ಯಾಕೆ ಹೇಳಲಿಲ್ಲ?"

"ಯಾವ ಮುಖ ಇಟ್ಕೊಂಡು ಹೇಳಲಿ? ನನ್ನ ಕೊಟ್ಟಿಗೇಲೂ ಅದೇ ಯೂರಿಯಾ ಚೀಲ ಇದೆ. ಎಷ್ಟೋ ಸಲ ಅದನ್ನೇ ನೋಡ್ತಾ ಕೂತಿದ್ದೀನಿ. ಅವನು ಮಾಡಿದ. ನಾನು ನೋಡಿ ಒಳಗೆ ಹೋಗಿ ಬಾಗಿಲು ಹಾಕ್ಕೊಂಡೆ."

ಹೇಳಿಕೆಗೆ ಹೆಬ್ಬೆಟ್ಟು ಒತ್ತುವಾಗ ಶಾಯಿ ಹರಡಿ, ಎರಡನೆಯ ಸಲ ಒತ್ತಿಸಬೇಕಾಯಿತು.

ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರ್ ಗಂಡನನ್ನು ತೊಟ್ಟಿಯ ಬಳಿ ಕರೆದರು. ಜಿಂಕೆಗಳನ್ನು ಆಗಲೇ ಸಾಗಿಸಿದ್ದರು. ಅವು ಬಿದ್ದಿದ್ದ ಕಡೆ ಮಣ್ಣು ಮಾತ್ರ ನುಣುಪಾಗಿತ್ತು.

"ಎಷ್ಟು ಹೊತ್ತು ಬಡಿದಿರಿ?"

ಅವನು ಸುಳ್ಳು ಹುಡುಕಲಿಲ್ಲ. "ಜಾಸ್ತಿ ಬೇಕಾಗಲಿಲ್ಲ ಸಾರ್. ಎರಡೇ ಏಟು. ಓಡಿ ಬಂದ್ವು."

"ಆಮೇಲೆ?"

"ಒಂದು ಮರಿ ನನ್ನ ಕೈಲಿದ್ದ ಬಕೆಟ್ಟಿಗೇ ಮೂತಿ ಹಾಕ್ತು. ಬಕೆಟ್ ಖಾಲಿ. ತೊಟ್ಟಿ ಕಡೆ ನಾನೇ ತಳ್ಳಿದೆ."

ಕೊಟ್ಟಿಗೆಯಲ್ಲಿ ಹಸುಗಳು ಹಗ್ಗ ಜಗ್ಗುತ್ತಿದ್ದುದನ್ನೂ, ಕಿವಿ ಮುಚ್ಚಿಕೊಂಡರೂ ಅವುಗಳ ಕೂಗು ಕೇಳಿಸಿದ್ದನ್ನೂ ಅವನು ತಾನಾಗಿ ಹೇಳಿದ. ಬೇಸಿಗೆಯಲ್ಲಿ ಎರಡು ಹಸು ಮಲಗಿದವು, ಮತ್ತೆ ಏಳಲಿಲ್ಲ. ಒಂದು ಗಬ್ಬವಾಗಿತ್ತು. ಟ್ಯಾಂಕರ್ ವಾರಕ್ಕೊಮ್ಮೆ ಬರುವುದು. ಆ ನೀರು ದನಕ್ಕೇ ಸಾಲದು. ಜಿಂಕೆ ಕುಡಿದು ಹೋದ ಮೇಲೆ ತಳದಲ್ಲಿ ಕೆಸರು.

"ಹೆಂಡತಿಗೆ ಹೇಳಬಹುದಿತ್ತಲ್ಲ, ಇನ್ನು ಬಿಡಬೇಡ ಅಂತ? ಗೇಟಿಗೊಂದು ಚಿಲಕ ಹಾಕಿದ್ರೆ ಮುಗೀತಿತ್ತು."

"ಹೇಗೆ ಹೇಳಲಿ ಸಾರ್? ಅವು ಕುಡಿಯೋದನ್ನ ಅವಳು ನಿಂತು ನೋಡ್ತಿದ್ಲು. ಆಗ ಅವಳ ಮುಖ ನೋಡಿದ್ರೆ ನಿಮಗೂ ಬಾಯಿ ಬರ್ತಿರಲಿಲ್ಲ. ನೀರು ಇಲ್ಲ ಅನ್ನೋ ಗಂಡಸು ಅಂತ ಅವಳ ಕಣ್ಣಲ್ಲಿ ಸಣ್ಣವನಾಗೋಕೆ ನಾಚಿಕೆ ಆಯ್ತು. ಯಾರೋ ಕೊಂದ್ರು ಅಂದ್ರೆ, ನಾನು ಇಲ್ಲ ಅಂದ ಹಾಗಾಗಲ್ಲವಲ್ಲ."

ಹೆಂಗಸು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಯಾರೂ ಗಮನಿಸಿರಲಿಲ್ಲ.

ಬಂಧನದ ಪತ್ರಕ್ಕೆ ಮನೆಯವರೊಬ್ಬರು ಸಹಿ ಮಾಡಬೇಕು. ಗಡಿಯಾರ ಅದನ್ನು ಜೀಪಿನ ಬಾನೆಟ್ ಮೇಲೆ ಹರಡಿ, ವೇಳೆ ಬರೆದು, ಅವಳ ಕಡೆ ಪೆನ್ನು ಚಾಚಿದರು. ಅವಳು ಬಂದು ಸಹಿ ಹಾಕಿದಳು. ಪೆನ್ನನ್ನು ಹಿಂದಿರುಗಿಸದೆ ಹಾಗೇ ಹಿಡಿದುಕೊಂಡು, ಗಂಡನ ಕಾಲಿನ ಕಡೆ ನೋಡುತ್ತ ಮಾತಾಡಿದಳು.

"ಬೇಡ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು ರೀ."

ಅವನು ಕಾಲು ಹಿಂದಕ್ಕೆ ಸರಿಸಿಕೊಂಡ.

"ಆ ಗಬ್ಬದ ಹಸು ಹೋಯ್ತಲ್ಲ, ಅವತ್ತಿನಿಂದ ನಾನೂ ಕಾಯ್ತಿದ್ದೆ. ಇವತ್ತು ಅಂತಾರೆ, ನಾಳೆ ಅಂತಾರೆ ಅಂತ. ನೀವು ಅಂದ್ರೆ ನಾನು ಗೇಟು ಹಾಕಬಹುದಿತ್ತು. ನೀವು ಹಾಕಿಸಿದ್ರಿ ಅಂತ ಆಗ್ತಿತ್ತು. ನಾನಾಗೇ ಹಾಕೋಕೆ ನನಗೂ ನಾಚಿಕೆ."

ಅವನು ತಲೆ ಎತ್ತಿ ಅವಳನ್ನು ನೋಡಿದ. ಅವಳು ಪೆನ್ನನ್ನು ಬಾನೆಟ್ ಮೇಲಿಟ್ಟು ಒಳಗೆ ಹೋದಳು.

ಆರೋಪಿಯನ್ನು ಮಧ್ಯಾಹ್ನ ನ್ಯಾಯಾಧೀಶರ ಮುಂದೆ ಹಾಜರುಪಡಿಸಲಾಯಿತು. ಸಂಜೆ ಇನ್‌ಸ್ಪೆಕ್ಟರ್ ಕೇಸ್ ಡೈರಿ ಬರೆಯಲು ಕೂತರು. ಯೂರಿಯಾ ಚೀಲ, ಬಕೆಟ್, ಹಸುಗಳ ಕತ್ತಿನ ಗಾಯ, ಪಕ್ಕದವನ ಹೇಳಿಕೆ, ಎಲ್ಲ ಬಂತು. ಕೃತ್ಯದ ಕಾರಣ: ತನ್ನ ದನಗಳ ನೀರು ಉಳಿಸಿಕೊಳ್ಳಲು, ಮತ್ತು ನೀರು ನಿರಾಕರಿಸಿದವನು ಎಂದು ಹೆಂಡತಿಯ ಎದುರು ಅನ್ನಿಸಿಕೊಳ್ಳಲು ನಾಚಿ.

ಅಲ್ಲಿಗೆ ಬಂದು ಪೆನ್ನು ನಿಂತಿತು. ಫಿರ್ಯಾದಿ ಹೆಂಗಸು ಜೀಪಿನ ಬಳಿ ಆಡಿದ ಮಾತು ಅವರ ಕಿವಿಯಲ್ಲಿತ್ತು. ಅದನ್ನು ಅವರು ಬರೆಯಲಿಲ್ಲ. ಅದು ಅಪರಾಧವಾಗಿರಲಿಲ್ಲ.