ಬೇರೆ ಇಟ್ಟ ಗಿಡಗಳು

"ಏಯ್! ಕೇಳದೆ ಎಲೆ ಕಿತ್ತಿರಲ್ಲ... ಯಾರ್ರೀ ನೀವು?"

ಪೂಜಿತಾಳ ದನಿಗೆ ಬೆಚ್ಚಿ ಆತ ತಿರುಗಿದ. ಅವನ ಬೆರಳುಗಳ ನಡುವೆ ಅವಳ ಎಚಿವೇರಿಯಾ ಗಿಡದ ದಪ್ಪನೆಯ ಎಲೆಯೊಂದಿತ್ತು.

ಕೊಡಗಿನ ಮೂರ್ನಾಡಿನ ಮನೆಯ ಪಕ್ಕ, ಹಳೆಯ ಕಾಫಿ ಕಣದ ಮೇಲೆ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ಕಟ್ಟಿಸಿ ಪೂಜಿತಾ ಎಲೆಯಲ್ಲೇ ನೀರು ತುಂಬಿಟ್ಟುಕೊಳ್ಳುವ ಸಕ್ಯುಲೆಂಟ್ ಗಿಡಗಳನ್ನು ಬೆಳೆಸುತ್ತಿದ್ದಳು. ಸುತ್ತಲಿನ ಹೋಂಸ್ಟೇಗಳ ಕಿಟಕಿಗಳಲ್ಲೆಲ್ಲ ಅವಳ ಪುಟ್ಟ ಕುಂಡಗಳೇ.

"ಅಶ್ವಥ್ ಅಂತ. ಕುಶಾಲನಗರದ ಕಡೆಯವನು. ಸುಂಟಿಕೊಪ್ಪದಲ್ಲಿ ಗಿಡಗಳ ಕ್ಲಿನಿಕ್ ತೆಗ್ದಿದೀನಿ. ಕೊಳ್ಳೋಣ ಅಂತ ಬಂದೆ... ಆದ್ರೆ ಈ ಗಿಡಕ್ಕೆ ರೋಗ ಬಂದದೆ ಕಣ್ರೀ."

"ರೋಗ ಎಂತದು? ಅದು ಬಿಸಿಲಿನ ಕಲೆ!"

"ಬಿಸಿಲಿಂದಾದ್ರೆ ಬಿಸಿಲು ಬಿದ್ದ ಮಗ್ಗುಲಲ್ಲಿ ಮಾತ್ರ ಇರ್ತಿತ್ತು, ಹರಡ್ತಿರಲಿಲ್ಲ. ಇಲ್ಲಿ ನೋಡಿ, ಅಡಿಯ ಎಲೇಲೂ ಇದೆ. ಕಪ್ಪು ಚುಕ್ಕೆ, ನಡುವೆ ಗುಳಿ, ಸುತ್ತ ಹಳದಿ ಉಂಗುರ. ಇದು ಶಿಲೀಂಧ್ರ. ಎಲೆ ಮೇಲೆ ನೀರು ಸಿಂಪಡಿಸ್ತೀರಾ?"

ಪೂಜಿತಾ ಕೈಯಲ್ಲಿದ್ದ ಸ್ಪ್ರೇ ಬಾಟಲಿಯನ್ನು ಬೆನ್ನ ಹಿಂದೆ ಸರಿಸಿದಳು. ಕಣ್ಣು ತುಂಬಿ ಬಂತು. 'ಇವನ ಮುಂದೆ ಅಳಬಾರದು... ಅಳಬಾರದು!'

ಆದರೂ ಅತ್ತುಬಿಟ್ಟಳು.

"ಅದು ನನ್ನ ತಂಗಿ ಅಶ್ವಿತಾ ನೆಟ್ಟ ಗಿಡ. ಜ್ವರದಲ್ಲಿ ತೀರಿಕೊಂಡ್ಳು. ಇಲ್ಲಿರೋ ಅರ್ಧ ಗಿಡಗಳು ಅದರ ಮರಿಗಳೇ..."

ಅಶ್ವಥ್ ಕೈಯಲ್ಲಿದ್ದ ಎಲೆಯನ್ನು ಮೆಲ್ಲನೆ ಕೆಳಗಿಟ್ಟ. ಜೇಬಿನಿಂದ ಕತ್ತರಿ ತೆಗೆದು, ಸ್ಪಿರಿಟ್‌ನಲ್ಲಿ ಒರೆಸಿ, ಚುಕ್ಕೆ ಬಿದ್ದ ಎಲೆಗಳನ್ನು ಒಂದೊಂದಾಗಿ ಕತ್ತರಿಸತೊಡಗಿದ. ಪ್ರತಿ ಗಿಡಕ್ಕೂ ಕತ್ತರಿಯನ್ನು ಮತ್ತೆ ಒರೆಸಿದ. ಸಂಜೆಯಾದರೂ ಹೊರಡಲಿಲ್ಲ.

ಅಮ್ಮ ಪ್ರೇಮಾವತಿ ಕಾಫಿ ತಂದಿಟ್ಟು ಕೇಳಿದರು. "ಕಾಫಿ ಗಿಡಕ್ಕೆ ಬೋರ್ಡೋ ಮದ್ದು ಹೊಡ್ದ ಹಾಗೆ ಇದಕ್ಕೂ ಹೊಡ್ದರೆ ಆಕಿಲ್ಲೆನಾ?"

"ತಾಮ್ರದ ಔಷಧಿ ಹೊಡೀಬೋದು ಅಮ್ಮ. ಆದ್ರೆ ಎಲೆ ಒದ್ದೆ ಇದ್ರೆ ಯಾವ ಔಷಧಿನೂ ನಿಲ್ಲಲ್ಲ. ಬೆಳಿಗ್ಗೆ ಹೊತ್ತು ಬುಡಕ್ಕೆ ಮಾತ್ರ ನೀರು. ಅದೂ ಮಣ್ಣು ಪೂರ್ತಿ ಒಣಗಿದ ಮೇಲೆ. ಕುಂಡಗಳ ನಡುವೆ ಗಾಳಿ ಆಡ್ಬೇಕು."

ಹಾಗೆ ಶುರುವಾಯಿತು. ವಾರಕ್ಕೊಮ್ಮೆ ಬರುತ್ತಿದ್ದವನು ಆಮೇಲಾಮೇಲೆ ನೆಪವಿಲ್ಲದೆಯೂ ಬಂದ. ಇಬ್ಬರೂ ಸೇರಿ ಮಣ್ಣಿಗೆ ದಪ್ಪ ಮರಳು ಬೆರೆಸಿದರು, ಫ್ಯಾನ್ ಹಾಕಿಸಿದರು. ಅನುಮಾನದ ಗಿಡಗಳನ್ನೆಲ್ಲ ಮೂಲೆಯ ಬೇರೆ ಕಪಾಟಿಗೆ ಸಾಗಿಸಿದರು.

"ಹೊಸ ಎಲೆಗಳು ಚೊಕ್ಕವಾಗಿ ಬರೋ ತನಕ ಇವು ಇಲ್ಲೇ ಇರ್ಲಿ ಪೂಜಿ. ಒಂದನ್ನೂ ಆ ಕಡೆ ಸೇರಿಸ್ಬೇಡ."

'ಪೂಜಿ' ಅಂದನಲ್ಲ! ಅವಳು ಮುಖ ತಿರುಗಿಸಿ ನಕ್ಕಳು. ತಂಗಿ ಹೋದ ಮೇಲೆ ಯಾರೂ ಹಾಗೆ ಕರೆದಿರಲಿಲ್ಲ. ಅಂದಿನಿಂದ ಅವಳು ಅವನು ಬರುವ ದಿನಗಳನ್ನು ಎಣಿಸತೊಡಗಿದಳು.

ಮಳೆಗಾಲಕ್ಕೆ ಮೊದಲು ಚೆಟ್ಟಳ್ಳಿಯ ದೊಡ್ಡ ಹೋಂಸ್ಟೇಯಿಂದ ಆರ್ಡರ್ ಬಂತು. ಆರೋಗ್ಯವಾಗಿದ್ದ ಗಿಡಗಳನ್ನೇ ಆರಿಸಿ, ಜೀಪಿನಲ್ಲಿ ತುಂಬಿಕೊಂಡು ಪೂಜಿತಾ ಅಲ್ಲಿಗೆ ಹೋದಳು. ಮಾಲೀಕ ಅನಿಲ್‌ಕುಮಾರ್ ಗೇಟಿನಲ್ಲೇ ತಡೆದ.

"ವಾಪಸ್ ತಕೊಂಡು ಹೋಗಿ. ನಿಮ್ಮ ಗಿಡಕ್ಕೆ ರೋಗ ಉಂಟಂತಲ್ಲ! ನಿಮ್ಮ ಅಶ್ವಥೇ ಹೇಳಿದ್ದು."

ಕೆಲಸದವರೆಲ್ಲ ನೋಡುತ್ತಿದ್ದರು. ಅವಳು ಅಲ್ಲೇ ನಿಂತು ಅಶ್ವಥ್‌ಗೆ ಫೋನ್ ಮಾಡಿದಳು.

"ಅನಿಲ್‌ಕುಮಾರ್ ಹತ್ರ ನನ್ನ ಗಿಡಕ್ಕೆ ರೋಗ ಅಂತ ಹೇಳಿದ್ಯಾ?"

"ಹೇಳಿದ್ದೆ ಪೂಜಿ, ಆದ್ರೆ..."

ಆ 'ಆದ್ರೆ'ಯ ಮುಂದಿನದು ಅವಳಿಗೆ ಬೇಕಿರಲಿಲ್ಲ. ಫೋನ್ ಕತ್ತರಿಸಿ, ಅವನ ನಂಬರನ್ನೇ ಬ್ಲಾಕ್ ಮಾಡಿದಳು.

ಮನೆಗೆ ಬಂದವಳೇ ಪಾಲಿಹೌಸಿಗೆ ನುಗ್ಗಿದಳು. ಬೇರೆ ಇಟ್ಟಿದ್ದ ಗಿಡಗಳನ್ನೆಲ್ಲ ಎತ್ತಿ ಉಳಿದವುಗಳ ನಡುವೆ ತುರುಕಿದಳು. 'ರೋಗವಂತೆ ರೋಗ! ಯಾವ ರೋಗವೂ ಇಲ್ಲ! ಅವನು ಸುಳ್ಳ...'

"ಬೇಡ ಮಗ್ಳೇ..." ಎಂದರು ಅಮ್ಮ. ಅವಳು ಕೇಳಲಿಲ್ಲ.

ಜುಲೈ ನಡುವಿಗೆ ಆಟಿ ತಿಂಗಳ ಮಳೆ ಹಿಡಿಯಿತು. ಎರಚಲು ತಡೆಯಲು ಇಳಿಬಿಟ್ಟ ಪ್ಲಾಸ್ಟಿಕ್ಕಿನೊಳಗೆ ಗಾಳಿಯೇ ಆಡಲಿಲ್ಲ. ಕರೆಂಟಿಲ್ಲದೆ ಫ್ಯಾನ್ ನಿಂತಿತು. ಮೇಲಿನಿಂದ ಹಬೆಯ ನೀರು ಎಲೆಗಳ ಮೇಲೆ ತೊಟ್ಟಿಕ್ಕಿತು.

ಮೊದಲು ಒಂದು ಸಾಲಿನಲ್ಲಿ ಚುಕ್ಕೆ ಕಾಣಿಸಿತು. ಆಮೇಲೆ ಎಲ್ಲ ಸಾಲುಗಳಲ್ಲೂ!

ಅವಳು ಹುಚ್ಚಿಯ ಹಾಗೆ ಎಲೆ ಕತ್ತರಿಸಿದಳು, ಔಷಧಿ ಹೊಡೆದಳು. ತಡವಾಗಿತ್ತು. ಅಶ್ವಿತಾ ನೆಟ್ಟ ಗಿಡದ ಕಾಂಡ ನಡುವಿನವರೆಗೂ ಕಪ್ಪಾಗಿ ಕೊಳೆತಿತ್ತು. ಮುಟ್ಟಿದರೆ ಎಲೆಗಳು ತಾವಾಗಿಯೇ ಉದುರಿದವು.

"ಅಶ್ವಥ್‌ಗೆ ಒಂದು ಫೋನ್ ಮಾಡಕಾಗಿತ್ತ್ ಮಗ್ಳೇ..." ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡಿದ್ದಳು. ಪ್ರತಿಸಲವೂ ಆ ಗೇಟು, ಆ ಕೆಲಸದವರ ನೋಟ ನೆನಪಾಗಿ ಕೆಳಗಿಟ್ಟಿದ್ದಳು.

ಪಾಲಿಹೌಸ್ ಬರಿದಾಯಿತು.

ಮಳೆ ನಿಂತ ಮೇಲೆ ಅನಿಲ್‌ಕುಮಾರ್ ತಾನಾಗಿಯೇ ಮನೆಗೆ ಬಂದ.

"ಹೊರಗಿಂದ ತರಿಸಿದ ಗಿಡ ಎಲ್ಲ ಕೊಳೆತು ಹೋಯ್ತು. ನಮ್ಮ ಕೆಲಸದವರು ದಿನಾ ಪೈಪಲ್ಲಿ ಎಲೆ ತೊಳೀತಿದ್ರು. ನಿಮ್ಮ ಹತ್ರ ಇದ್ರೆ ಕೊಡಿ."

"ರೋಗದ ಗಿಡ ಯಾಕೆ ನಿಮಗೆ?"

ಆತ ತಲೆ ಕೆರೆದುಕೊಂಡ. "ಅಶ್ವಥ್ ಹಾಗೆ ಹೇಳಿರಲಿಲ್ಲ. ಬೇರೆ ಇಟ್ಟವು ಮಾತ್ರ ಬೇಡ, ಉಳಿದದ್ದನ್ನ ಕಣ್ಣು ಮುಚ್ಚಿ ತಕೊಳ್ಳಿ ಅಂದಿದ್ದ. ನನಗೆ ಹೊರಗೆ ಅಗ್ಗಕ್ಕೆ ಸಿಕ್ಕಿತು... ನಿಮಗೆ ಬೇಡ ಅನ್ನೋಕೆ ಒಂದು ನೆಪ ಬೇಕಿತ್ತು."

ಪೂಜಿತಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಸುಂಟಿಕೊಪ್ಪದಲ್ಲಿ ಬಸ್ಸಿಳಿದು ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದಳು. ಅಶ್ವಥ್ ಎದ್ದು ನಿಂತ. ಸೊರಗಿ ಹೋಗಿದ್ದ.

"ಅನಿಲ್‌ಕುಮಾರ್ ಎಲ್ಲ ಹೇಳಿದ. ಆದ್ರೆ ನೀನ್ಯಾಕೆ ಮೊದ್ಲು ನನಗೆ ಹೇಳ್ಲಿಲ್ಲ ಅಶ್ವಥ್?"

"ಗಿಡ ಕೊಳ್ಳೋ ಮೊದ್ಲು ಹೇಗಿದಾವೆ ಅಂತ ಅವನು ಕೇಳಿದ, ಹೇಳ್ಬಿಟ್ಟೆ. ನಿಂಗೆ ಸಿಕ್ಕಿದಾಗ ಹೇಳಿದ್ರಾಯ್ತು ಅಂದ್ಕೊಂಡೆ. ಅದು ನನ್ ತಪ್ಪು ಪೂಜಿ. ಮಳೇಲಿ ನಿಮ್ಮ ಗೇಟಿನ ತನಕ ಬಂದಿದ್ದೆ. ಒಳಗೆ ಬರೋಕೆ ಧೈರ್ಯ ಸಾಲ್ಲಿಲ್ಲ."

"ಬಂದಿದ್ರೆ ಅಶ್ವಿತಾಳ ಗಿಡ ಉಳೀತಿತ್ತಾ?"

ಅವನು ಮೇಜಿನ ಮೇಲಿದ್ದ ಕತ್ತರಿಯನ್ನು ಪಕ್ಕಕ್ಕೆ ಸರಿಸಿದ.

"ಉಳೀತಿತ್ತು."

ಅವಳು ಕುರ್ಚಿ ಎಳೆದು ಕುಳಿತಳು.

"ನಿನ್ನನ್ನ ಸುಳ್ಳ ಮಾಡೋಕೆ ಹೋಗಿ ನಾನೇ ಸಾಯಿಸಿದೆ. ನನ್ನ ತಂಗಿ ಮುಟ್ಟಿದ್ದ ಗಿಡ... ಅವಳದ್ದು ಅಂತ ಜೀವಂತ ಇದ್ದದ್ದು ಅದೊಂದೇ!"

"ನೀನೊಬ್ಳೇ ಅಲ್ಲ ಪೂಜಿ. ನಾನೂ ಸೇರಿದೀನಿ."

ಅವನು ಸಮಾಧಾನದ ಮಾತು ಹುಡುಕಲಿಲ್ಲ. ಎದುರಿಗೆ ಕುಳಿತು ಅವಳ ಜೊತೆ ತಾನೂ ಅತ್ತ.

ಅಳು ಇಳಿದ ಮೇಲೆ ಅವಳು ಹೇಳಿದಳು. "ನಿನ್ನ ಮುಖ ನೋಡಿದಾಗೆಲ್ಲ ಆ ಗಿಡ ನೆನಪಾಗುತ್ತೆ."

"ಆಗ್ಲಿ."

"ಕೋಪ ಬರುತ್ತೆ. ಬೈತೀನಿ."

"ಬೈಯಿ. ಆದ್ರೆ ಫೋನ್ ಕಟ್ ಮಾಡ್ಬೇಡ."

ನೋವಿನ ನಡುವೆಯೂ ಅವಳ ತುಟಿಯಲ್ಲಿ ನಗು ಸುಳಿಯಿತು. "ನನ್ನ ಜೊತೆ ಮನೆಗೆ ಬಾ. ಅಮ್ಮನ ಹತ್ರ ನೀನೇ ಮಾತಾಡು."

"ಏನಂತ?"

"ಪೂಜಿತಾಳನ್ನ ಮದುವೆ ಆಗ್ತೀನಿ ಅಂತ. ಅದಕ್ಕಿಂತ ಮೊದ್ಲು ನನಗೆ ಹೇಳು!"

ಅಶ್ವಥ್ ಅವಳ ಮಣ್ಣು ಕಚ್ಚಿದ ಬೆರಳುಗಳನ್ನು ಹಿಡಿದುಕೊಂಡ.

"ಪೂಜಿ... ನನ್ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ," ಎಂದಳು ಅವಳು. "ಆದ್ರೆ ಇವತ್ತು ಇನ್ನೊಂದು ಸ್ವಲ್ಪ ಅಳ್ತೀನಿ. ಇರ್ತೀಯಾ?"

"ಇರ್ತೀನಿ."