ರಕ್ತ ನೋಡಿ ಕೇಳಿದ ಹೆಣ್ಣು

"ಜಾತಕ ಬಿಟ್ಟು ರಕ್ತ ನೋಡಿ ಹೆಣ್ಣು ಕೇಳ್ತೀರೇನ್ರೀ? ನಾಚಿಕೆ ಆಗಲ್ವಾ!"

ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ಎಲ್ಲರೂ ತಿರುಗಿ ನೋಡಿದರು. ಅಲ್ಲಿ ಕೆಲಸಕ್ಕಿದ್ದ ಸಂಧ್ಯಾ ಅರ್ಧ ಮಡಿಚಿದ ಸೀರೆಯನ್ನು ಮೇಜಿನ ಮೇಲೆ ಎಸೆದಳು. ಎದುರಿಗೆ ಉಜ್ಜನಪ್ಪ... ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯ ಬಗ್ಗೆ ಸಂಶೋಧನೆ ಮಾಡುವವನು.

"ಸಂಧ್ಯಾ ಅವರೇ, ಒಂದ್ ನಿಮಿಷ..."

"ನಿನ್ನೆ ನಿಮ್ಮಮ್ಮ ಹೂವು ಹಣ್ಣು ಹಿಡ್ಕೊಂಡು ಭದ್ರಾವತಿಗೆ, ನಮ್ಮನೆಗೆ ಬಂದಾಗ ಅರ್ಥ ಆಯ್ತು. ನನ್ನ ರಕ್ತ ಪಾಸಾಯ್ತು ಅಂತ ತಾನೇ? ಎಂಥ ಬುದ್ಧಿ ರೀ ನಿಮ್ದು! ನಡೀರಿ ಆಚೆ!"

ಅವನು ತಲೆ ತಗ್ಗಿಸಿ ಹೊರಟುಹೋದ.

ಅವಳ ಅಣ್ಣ ಪರಶುರಾಮನಿಗೆ ಆ ಕಾಯಿಲೆ. ಎದುರಿಗೆ ಇಲ್ಲದವರು ಅವನ ಕಿವಿಯಲ್ಲಿ ಮಾತಾಡುತ್ತಿದ್ದರು. ಮಾತ್ರೆ ನುಂಗುತ್ತಾ ಈಗ ಮನೆಯಲ್ಲೇ ಮಿಕ್ಸಿ ರಿಪೇರಿ ಮಾಡುತ್ತಾನೆ. ಕಾಯಿಲೆ ಕುಟುಂಬಗಳಲ್ಲಿ ಹೇಗೆ ಬರುತ್ತದೆ ಎಂದು ತಿಳಿಯಲು ಉಜ್ಜನಪ್ಪ ಅಣ್ಣತಂಗಿ ಇಬ್ಬರ ರಕ್ತವನ್ನೂ ತೆಗೆದುಕೊಂಡಿದ್ದ. ಆಮೇಲೂ ಪರಶುರಾಮನ ಜೊತೆ ಕೇರಂ ಆಡಲು ಬರುತ್ತಲೇ ಇದ್ದ. ಅಣ್ಣನನ್ನು ಮನುಷ್ಯನಂತೆ ಮಾತಾಡಿಸುವ ಅವನ ಮೇಲೆ ಸಂಧ್ಯಾಳಿಗೆ ಮನಸ್ಸಾಗಿತ್ತು. ಅದಕ್ಕೇ ಇಷ್ಟು ಸಿಟ್ಟು!

ಹಿಂದೆ ಬಂದ ಒಂದು ಸಂಬಂಧದವರು ಎದುರುಮನೆಯಲ್ಲಿ ಅಣ್ಣನ ವಿಷಯ ವಿಚಾರಿಸಿ, ಇಟ್ಟ ಕಾಫಿಯನ್ನೂ ಕುಡಿಯದೆ ಎದ್ದುಹೋಗಿದ್ದರು. ಸಕ್ಕರೆ ಕಾಯಿಲೆ ಮನೆಮನೆಯಲ್ಲೂ ಇದೆ, ಅದಕ್ಕಾಗಿ ಯಾರೂ ಹೆಣ್ಣು ಬೇಡ ಅನ್ನುವುದಿಲ್ಲ. ತಲೆಯ ಕಾಯಿಲೆ ಅಂದರೆ ಮಾತ್ರ ವಂಶವನ್ನೇ ಹಳಿಯುತ್ತಾರೆ. ಥೂ!

ಸಂಜೆ ಅವಳು ಬಸ್ಸಿಳಿದು ಬಂದರೆ ಉಜ್ಜನಪ್ಪ ಮನೆಯ ಜಗುಲಿಯ ಮೇಲೆ ಕೂತಿದ್ದ.

"ಅಣ್ಣಾ! ಇವರನ್ನ ಒಳಗೆ ಬಿಡಬೇಡ ಅಂತ ಫೋನ್ ಮಾಡಿ ಹೇಳಿರ್ಲಿಲ್ವಾ?"

"ಬಿಟ್ಟಿಲ್ವಲ್ಲ ಮಾರಾಯ್ತಿ, ಜಗುಲಿ ಒಳಗಲ್ಲ" ಎಂದ ಪರಶುರಾಮ ಒಳಗಿನಿಂದ.

ಉಜ್ಜನಪ್ಪ ಎದ್ದು ನಿಂತ. "ರಕ್ತದ ಟ್ಯೂಬ್ ಮೇಲೆ ಹೆಸರಿರಲ್ಲ, ನಂಬರ್ ಮಾತ್ರ. ನಿಮ್ದು ಯಾವುದು ಅಂತ ನನಗೇ ಗೊತ್ತಿಲ್ಲ! ಗೊತ್ತಿದ್ರೂ ಏನ್ರೀ? ಈ ಕಾಯಿಲೆ ಒಂದು ಜೀನ್ ಕೆಲಸ ಅಲ್ಲ, ನೂರಾರು ಸೇರಬೇಕು. ಮಿದುಳಲ್ಲಿ ಒಂದು ಜೀವಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುತ್ತೆ, ಅದರಲ್ಲಿ ಏರುಪೇರಾಗುತ್ತೆ. ಯಾರಿಗೆ ಬರುತ್ತೆ ಅಂತ ರಕ್ತ ನೋಡಿ ಯಾರೂ ಹೇಳೋಕಾಗಲ್ಲ."

"ನನಗೆ ಬರೋದೇ ಇಲ್ಲ ಅಂತೀರಾ?"

"ಸುಳ್ಳು ಹೇಳಲ್ಲ. ಅಣ್ಣನಿಗೆ ಇರೋದ್ರಿಂದ ನಿಮಗೆ ಬೇರೆಯವರಿಗಿಂತ ಜಾಸ್ತಿ ಸಾಧ್ಯತೆ. ಆದ್ರೆ ಒಡಹುಟ್ಟಿದವರಲ್ಲಿ ಹೆಚ್ಚಿನವರಿಗೆ ಬರಲ್ಲ."

ಇಷ್ಟು ನೇರವಾಗಿ ಅವಳಿಗೆ ಯಾರೂ ಹೇಳಿರಲಿಲ್ಲ... ಅವಳು ಜಗುಲಿಯ ಅಂಚಿನಲ್ಲಿ ಕೂತಳು.

"ಮತ್ಯಾಕೆ ಅಮ್ಮನ್ನ ಕಳಿಸಿದ್ರಿ?"

"ಮಾತ್ರೆ ನುಂಗಿದ್ಯಾ, ಬಾಯಿ ತೆಗಿ ಅಂತ ಅಣ್ಣನಿಗೆ ಬೈತೀರಲ್ಲ... ಅಂಥ ಬೈಗುಳ ನನಗೂ ಬೇಕು ಅನ್ನಿಸ್ತು."

"ಅಷ್ಟೂ ನೀವೇ ತಗೊಳ್ಳಿ ಮಾರಾಯ್ರೇ!" ಎಂದ ಪರಶುರಾಮ.

ಸಂಧ್ಯಾಳ ಕಣ್ಣು ತುಂಬಿತು. "ನಾಳೆ ನನ್ನ ಕಿವೀಲೂ ಯಾರಾದ್ರೂ ಮಾತಾಡಿದ್ರೆ?"

"ಪಕ್ಕದಲ್ಲಿ ಕೂತು ನಾನೂ ಮಾತಾಡ್ತಿರ್ತೀನಿ."

"ನಿಮ್ಮ ದನಿ ಅಂಗಡೀಲಿ ಹೊರಡಲೇ ಇಲ್ಲ!"

ಅವನು ಬೀದಿಗೆಲ್ಲ ಕೇಳುವಂತೆ ಕೂಗಿದ. "ಸಂಧ್ಯಾ! ನನ್ನ ಮದುವೆ ಆಗ್ತೀಯಾ?"

ಎದುರುಮನೆಯ ಕಿಟಕಿ ತೆರೆಯಿತು. ಸಂಧ್ಯಾ ಆ ಕಡೆಗೆ ತಿರುಗಿದಳು.

"ಏನ್ ನೋಡ್ತೀರಾ? ಹೌದು, ಆಗ್ತೀನಿ!"

ಕಿಟಕಿ ಪಟ್ಟನೆ ಮುಚ್ಚಿತು. ಅವಳು ಕಣ್ಣೊರೆಸಿಕೊಂಡು ದನಿ ತಗ್ಗಿಸಿದಳು.

"ಒಳಗೆ ಬಾ... ಕಾಫಿ ಕುಡಿದೇ ಹೋಗ್ಬೇಕು."

"ಕುಡಿದ್ಮೇಲೂ ಹೋಗಲ್ಲ" ಎಂದ ಅವನು.