ಹಲಸಿನ ಮರದ ಮ್ಯಾಂಡೊಲಿನ್

"ಎಲ್ಲಿ, ಕೈ ಕೊಡಿ."

ಮಾಲಿನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಇನ್ನೂ ಸರಿಯಾಗಿ ಮುಖ ನೋಡಿಲ್ಲ... ಹೆಸರೂ ಕೇಳಿಲ್ಲ... ಆಗಲೇ ಕೈ ಕೊಡಬೇಕಂತೆ!

"ಏನ್ರೀ ಅಂದ್ರಿ?"

"ಕೈ ರೀ, ಎಡಗೈ. ಬೆರಳು ಎಷ್ಟುದ್ದ ಅಂತ ನೋಡ್ದೆ ಕುತ್ತಿಗೆ ಕೆತ್ತೋಕಾಗಲ್ಲ."

ಅವನು ಚನ್ನೇಶ್. ಗುಬ್ಬಿಯಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಕೈಯಿಂದಲೇ ಮ್ಯಾಂಡೊಲಿನ್ ಮಾಡುವವನು. ಕುತ್ತಿಗೆ ಎಂದರೆ ವಾದ್ಯದ ಕುತ್ತಿಗೆ, ನುಡಿಸುವವರ ಬೆರಳು ಓಡಾಡುವ ಜಾಗ. ಅದೆಲ್ಲ ಗೊತ್ತಿದ್ದರೂ, ಆ ಒರಟು ಅಂಗೈ ಮೇಲೆ ಕೈಯಿಟ್ಟಾಗ ಮಾಲಿನಿಯ ಎದೆ ಹೊಡೆದುಕೊಂಡಿದ್ದು ಸುಳ್ಳಲ್ಲ.

ತುಮಕೂರಿನ ಬಟವಾಡಿಯಲ್ಲಿ ಮಕ್ಕಳಿಗೆ ಮ್ಯಾಂಡೊಲಿನ್ ಕಲಿಸುವ ಅವಳ ಬಳಿ ಇದ್ದದ್ದು ಎಲೆಕ್ಟ್ರಿಕ್ ವಾದ್ಯ. ಕರೆಂಟ್ ಹೋದರೆ ಅದು ಮೂಗಿ. ಹಳೆಯ ಕಾಲದ ಹಾಗೆ ಮರವೇ ದನಿ ಕೊಡುವ ವಾದ್ಯ ಬೇಕು ಎಂಬ ಹಟ ಅವಳನ್ನು ಗುಬ್ಬಿಗೆ ಕರೆತಂದಿತ್ತು.

ಆಮೇಲೆ ಭಾನುವಾರ ಬಂತೆಂದರೆ ಅವಳು ಗುಬ್ಬಿ ಬಸ್ಸಿನಲ್ಲಿ! ವಾದ್ಯ ಎಲ್ಲಿಗೆ ಬಂತು ಅಂತ ನೋಡಿ ಬರ್ತೀನಿ ಎಂದು ಮನೆಯಲ್ಲಿ ಹೇಳುತ್ತಿದ್ದಳು. ವಾದ್ಯವನ್ನೂ ನೋಡುತ್ತಿದ್ದಳು ಬಿಡಿ.

ಅವನ ಕೆಲಸ ನೋಡುವುದೇ ಒಂದು ಚೆಂದ. ಹಲಸಿನ ದಿಮ್ಮಿಯನ್ನು ಉಳಿಯಿಂದ ತೋಡುತ್ತ ತೋಡುತ್ತ ನಿಲ್ಲಿಸಿ, ಬೆರಳಿನಿಂದ ತಟ್ಟಿ, ಕಿವಿಗೊಡುವನು. ಮನಸ್ಸಿಗೆ ಬರದಿದ್ದರೆ ಕೂದಲೆಳೆಯಷ್ಟು ಹೆರೆದು ಮತ್ತೆ ತಟ್ಟುವನು. ಮರದ ಹಳದಿ ಪುಡಿ ಅರಿಶಿನದ ಹಾಗೆ ತೋಳಿಗೆಲ್ಲ ಮೆತ್ತಿಕೊಂಡಿರುತ್ತಿತ್ತು. ದಿನ ಕಳೆದಂತೆ ಆ ಮೊಂಡು ದಿಮ್ಮಿ ದುಂಡು ಹೊಟ್ಟೆ ತಳೆದು, ನುಣುಪಾಗಿ, ಮುದ್ದಾಗಿ ಬರುವುದನ್ನು ಅವಳು ಬೆರಗಿನಿಂದ ನೋಡುತ್ತ ಕೂರುತ್ತಿದ್ದಳು.

"ಮಿಷನ್‌ನಲ್ಲಾದ್ರೆ ಬೇಗ ಆಗಲ್ವಾ?"

"ಆಗುತ್ತೆ ಟೀಚರ್. ಆದ್ರೆ ಮಿಷನ್‌ಗೆ ಕಿವಿ ಇಲ್ವಲ್ಲ."

'ಮರದ ಮಾತನ್ನ ಇಷ್ಟು ಚೆನ್ನಾಗಿ ಕೇಳಿಸ್ಕೊಳ್ಳೋನಿಗೆ... ನನ್ನ ಮನಸ್ಸು ಕೇಳಿಸಲ್ವಾ?'

ಕೊನೆಗೆ ನಾಚಿಕೆ ಬಿಟ್ಟು ಅವಳೇ ಅಮ್ಮನಿಗೆ ಹೇಳಿಕೊಂಡಳು. ಅಮ್ಮ ಚನ್ನೇಶನ ತಾಯಿ ಶಿವರುದ್ರಮ್ಮನಿಗೆ ಫೋನ್ ಮಾಡಿ ಸಂಬಂಧದ ಮಾತೆತ್ತಿದರು. "ಮಗನ್ನ ಒಂದ್ಮಾತು ಕೇಳಿ ಹೇಳ್ತೀನಿ ಕಣಮ್ಮ" ಎಂದಿತು ಆ ಕಡೆಯ ದನಿ.

ಮರುದಿನ ಉತ್ತರ ಬಂತು.

"ಬೇಜಾರ್ ಮಾಡ್ಕೋಬೇಡ ಕಣೇ..." ಅಮ್ಮ ಅವಳ ತಲೆ ಸವರಿದರು. "ಜೋಡಿ ಕೂಡಲ್ಲ ಅಂದ್ನಂತೆ."

ಮಾಲಿನಿ ಬಚ್ಚಲಿಗೆ ಹೋಗಿ, ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ಅತ್ತಳು. 'ಇಷ್ಟು ದಿನ ಎದುರಿಗೇ ಕೂತಿದ್ದೆನಲ್ಲ... ಯಾವುದು ಕೂಡಲಿಲ್ಲ ಅವನಿಗೆ?'

ಗುಬ್ಬಿಯ ಹಾದಿ ಮರೆತಳು. ಅವನ ಫೋನ್ ಎತ್ತಲಿಲ್ಲ. ಅಷ್ಟರಲ್ಲಿ ಕುಣಿಗಲ್‌ನಿಂದ ಒಂದು ಸಂಬಂಧ ಬಂತು. ಹುಡುಗನಿಗೆ ತಾಲ್ಲೂಕು ಆಫೀಸಿನಲ್ಲಿ ಕೆಲಸ, ಒಳ್ಳೆಯ ಮನೆತನ. ಶನಿವಾರ ಸಂಜೆಯೊಳಗೆ ಒಪ್ಪಿಗೆ ತಿಳಿಸಬೇಕಿತ್ತು. ಹೂಂ ಅಂದುಬಿಡುವುದೆಂದು ಅವಳು ಮನಸ್ಸು ಕಲ್ಲು ಮಾಡಿಕೊಂಡಳು.

ಆ ಶನಿವಾರ ಮಧ್ಯಾಹ್ನ ಕ್ಲಾಸಿನ ಬಾಗಿಲಲ್ಲಿ ಚನ್ನೇಶ್ ನಿಂತಿದ್ದ. ಬಗಲಲ್ಲಿ ಬಟ್ಟೆ ಸುತ್ತಿದ ಮ್ಯಾಂಡೊಲಿನ್. ಮುಖದ ತುಂಬ ನಗು! ಎಷ್ಟು ಧೈರ್ಯ ಇವನಿಗೆ!

"ಏನ್ ಟೀಚರ್, ಫೋನೇ ಎತ್ತಲ್ಲ?"

"ಜೋಡಿ ಕೂಡಲ್ಲ ಅಂದ್ಮೇಲೆ ಫೋನ್ ಎತ್ತಿ ಏನ್ ಮಾಡ್ಲಿ?"

"ಅಯ್ಯೋ, ಅದಕ್ಕೆ ಕೋಪಾನಾ? ಆವತ್ತು ಕೂಡ್ಲಿಲ್ಲ. ಈಗ ಕೂಡ್ತು!"

ಮಾಲಿನಿಯ ಮೈಯೆಲ್ಲ ಉರಿಯಿತು. "ಹುಡುಗಾಟಾನಾ ನಿಮ್ಗೆ? ಆವತ್ತು ಬೇಡ, ಇವತ್ತು ಬೇಕು ಅನ್ನೋಕೆ!"

"ಹುಡುಗಾಟ ಅಲ್ಲ ರೀ. ಊಟ ನಿದ್ದೆ ಬಿಟ್ಟು ಒದ್ದಾಡಿದೀನಿ. ಕೊನೆಗೆ ಕುತ್ತಿಗೇನೇ ಕಿತ್ತಾಕ್ಬಿಟ್ಟೆ."

"ಯಾರ ಕುತ್ತಿಗೆ?!"

"ಇದರದ್ದು!" ಅವನು ಬಟ್ಟೆ ಬಿಚ್ಚಿದ. "ನಿಮ್ ಬೆರಳು ಸಣ್ಣ ಅಂತ ಕುತ್ತಿಗೆ ತೆಳ್ಳಗೆ ಮಾಡಿದ್ದೆ, ತಿರುಚ್ಕೊಂಡ್ಬಿಡ್ತು. ಇದರಲ್ಲಿ ಒಂದೊಂದು ಸ್ವರಕ್ಕೂ ಜೋಡಿ ತಂತಿ ಅಲ್ವಾ? ಒತ್ತಿ ನುಡಿಸಿದ್ರೆ ಒಂದು ಹಿಂಗೆ, ಒಂದು ಹಂಗೆ. ತಲೆ ಕೆಟ್ಟು ಕೂತಿದ್ದೆ. ಅಮ್ಮ ಬಂದು, ಮಾಲಿನಿ ಮನೆಯೋರಿಗೆ ಏನ್ ಹೇಳ್ಲಿ ಅಂದ್ಲು. ವಾದ್ಯ ಕೇಳ್ತಾವ್ರೆ ಅನ್ಕೊಂಡು, ಜೋಡಿ ಕೂಡಲ್ಲ ಅಂತ ಹೇಳಮ್ಮ ಅಂದೆ. ತಲೆ ಕೂಡ ಎತ್ಲಿಲ್ಲ..."

ಮಾಲಿನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ನಿಮ್ಮಮ್ಮ ಕೇಳಿದ್ದು ವಾದ್ಯದ ವಿಷ್ಯ ಅಲ್ಲ ರೀ..."

"ಮತ್ತೆ?"

"ನನ್ನ ವಿಷ್ಯ. ನಮ್ಮಿಬ್ಬರ ಮದ್ವೆ ವಿಷ್ಯ."

ಚನ್ನೇಶನ ಮುಖ ಬಿಳಿಚಿಕೊಂಡಿತು. ಅಲ್ಲೇ ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತ.

"ಇವತ್ತು ಸಂಜೆ ಕುಣಿಗಲ್‌ನೋರಿಗೆ ಹೂಂ ಅನ್ಬೇಕು ಅಂತಿದ್ದೆ."

ಅವನು ತಟ್ಟನೆ ಫೋನ್ ತೆಗೆದು ಸ್ಪೀಕರ್‌ಗೆ ಹಾಕಿದ.

"ಅಮ್ಮಾ, ಮಾಲಿನಿ ಮನೆಯೋರಿಗೆ ಒಪ್ಪಿಗೆ ಅಂತ ಹೇಳು. ಈಗ್ಲೇ! ಆವತ್ತು ಜೋಡಿ ಕೂಡಲ್ಲ ಅಂದಿದ್ದು ತಂತಿಗೆ ಕಣಮ್ಮ!"

ಆ ಕಡೆಯಿಂದ ಶಿವರುದ್ರಮ್ಮ ಸಿಡಿದರು. "ಥೂ ನಿನ್ನ! ಎಂಥಾ ಹೆಣ್ಣನ್ನ ಬೇಡ ಅಂದ್ಬಿಟ್ಟ ಅಂತ ನಾನು ನಿನ್ ಜೊತೆ ಮಾತೇ ಬಿಟ್ಟಿದ್ದೆ. ಈಗ ಸರಿಯಾಗಿ ಬಿಡಿಸಿ ಹೇಳ್ಲಾ... ಒಪ್ಪಿಗೆ ತಂತಿಗೋ, ಹುಡುಗೀಗೋ?"

"ಹುಡುಗೀಗೆ ಕಣಮ್ಮ!"

ಮಾಲಿನಿ ಕಣ್ಣೊರೆಸಿಕೊಂಡು ಮ್ಯಾಂಡೊಲಿನ್ ಎತ್ತಿಕೊಂಡಳು. ಬೆರಳಿಗೆ ಹೇಳಿ ಮಾಡಿಸಿದ ಕುತ್ತಿಗೆ. ಮೆಲ್ಲನೆ ಮೀಟಿದಳು. ವೈರ್ ಇಲ್ಲ, ಕರೆಂಟ್ ಇಲ್ಲ... ಆದರೂ ನಾದ ಇಡೀ ಕೋಣೆಯನ್ನು ತುಂಬಿಕೊಂಡಿತು! ಇಂಥದ್ದನ್ನು ಮಾಡಿದ ಕೈಗಳನ್ನು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು ಅವಳಿಗೆ. ಆದರೂ ಮುಖ ಊದಿಸಿಕೊಂಡೇ ಹೇಳಿದಳು:

"ನಿಮ್ಮಮ್ಮ ಕೇಳಿದ್ರು, ನೀವು ಹೇಳಿದ್ರಿ. ನನ್ನ ಯಾರೂ ಕೇಳ್ಲಿಲ್ಲ."

ಚನ್ನೇಶ್ ಎದ್ದು ಹತ್ತಿರ ಬಂದ. "ಮಾಲಿನಿ... ಈ ವಾದ್ಯ ಮುಗೀಲೇಬಾರ್ದು ಅನ್ಸೋದು ನಂಗೆ. ಮುಗಿದ್ರೆ ನೀವು ಗುಬ್ಬಿಗೆ ಬರಲ್ವಲ್ಲ ಅಂತ. ನೀವಂದ್ರೆ ನಂಗೆ ಪ್ರಾಣ ಕಣ್ರೀ. ನನ್ನ ಮದ್ವೆ ಆಗ್ತೀರಾ?"

"ಆಗ್ತೀನಿ. ಆದ್ರೆ ಒಂದು ಕಂಡಿಷನ್."

"ಏನು?"

"ಇನ್ಮೇಲೆ ನಾನು ಏನಾದ್ರೂ ಕೇಳಿದ್ರೆ ಉಳಿ ಕೆಳಗಿಟ್ಟು, ನನ್ ಮುಖ ನೋಡಿ ಉತ್ತರ ಹೇಳ್ಬೇಕು."

ಅವನು ಅವಳ ಮುಖವನ್ನೇ ನೋಡುತ್ತ ನಿಂತುಬಿಟ್ಟ.

"ಹೇಳ್ರೀ... ಆಗುತ್ತೋ, ಇಲ್ವೋ?"

"ಮುಖ ನೋಡಿದ್ರೆ ಉತ್ತರ ಮರ್ತೋಗುತ್ತಲ್ಲ ರೀ..."